ಆನೈಮಲೈ ಲಕೋಟೆಯ ನಾಲ್ಕು ಮೂಲೆ

ಬಾಯಿಚಪಲ ಇರುವವರನ್ನು ಜನ ಬೇಗ ಗುರುತು ಹಿಡಿದುಬಿಡುತ್ತಾರೆ. ಕೈಚಪಲದವರು ಮಾತ್ರ ಕಡೆಯವರೆಗೂ ಮರ್ಯಾದಸ್ಥರ ಹಾಗೆ ಓಡಾಡಿಕೊಂಡಿರಬಹುದು. ನಾನು ಎರಡನೆಯ ಗುಂಪಿನವಳು. ಕದಿಯುವ ಚಪಲ ಅಂದುಕೊಳ್ಳಬೇಡಿ, ನನ್ನದು ಅರಿಶಿನ ಹಚ್ಚುವ ಚಪಲ. ಮನೆಗೆ ಹೊಸದೇನು ಬಂದರೂ, ಮನೆಯಿಂದ ಒಳ್ಳೆಯ ಕೆಲಸಕ್ಕೆ ಏನು ಹೊರಟರೂ ಅದರ ನಾಲ್ಕು ಮೂಲೆಗೆ ನಾಲ್ಕು ಬೊಟ್ಟು ಬಿದ್ದಿರಬೇಕು. ಮದುವೆ ಕಾಗದಕ್ಕೆ ಎಲ್ಲರೂ ಹಚ್ಚುತ್ತಾರೆ, ಅದರಲ್ಲಿ ನನ್ನ ಹೆಚ್ಚುಗಾರಿಕೆ ಇಲ್ಲ. ನಾನು ಫ್ರಿಜ್ಜಿಗೆ ಹಚ್ಚಿದ್ದೇನೆ, ಹೊಸ ಮನೆಯ ಕರೆಂಟ್ ಮೀಟರಿಗೆ ಹಚ್ಚಿದ್ದೇನೆ, ಮಗನ ಪಾಸ್‌ಪೋರ್ಟ್ ಅರ್ಜಿಗೆ ಹಚ್ಚಿ ಅವನು ಇನ್ನೊಂದು ಅರ್ಜಿ ತುಂಬುವ ಹಾಗೆ ಮಾಡಿದ್ದೇನೆ. ಈಗ ಇದನ್ನು ಒತ್ತುತ್ತಿರುವ ಫೋನನ್ನು ಸೊಸೆ ರೇವತಿ ತಂದುಕೊಟ್ಟ ದಿನ, ಅವಳು ಚಾರ್ಜರ್ ಹುಡುಕುವಷ್ಟರಲ್ಲಿ ನಾಲ್ಕು ಮೂಲೆಯೂ ಹಳದಿಯಾಗಿತ್ತು. ವೈರ್ ಚುಚ್ಚುವ ತೂತಿನೊಳಗೂ ಸ್ವಲ್ಪ ಹೋಗಿತ್ತು. ಅಂಗಡಿಯವನು ಅದನ್ನು ಬಗ್ಗಿ ನೋಡಿ, "ಇದರಲ್ಲಿ ಸಾಂಬಾರ್ ಮಾಡಿದ್ರಾ ಅಕ್ಕಾ" ಅಂತ ಅವಳನ್ನು ಕೇಳಿದನಂತೆ. ಆಮೇಲೆ ರೇವತಿಯೇ ಪಕ್ಕದಲ್ಲಿ ಕೂತು ನನಗೆ ಕನ್ನಡ ಅಕ್ಷರ ಒತ್ತುವುದನ್ನು ಕಲಿಸಿದಳು. ನಾನು ತಾಳವಾಡಿ ಕಡೆಯವಳು, ಶಾಲೆಯಲ್ಲಿ ಕನ್ನಡವನ್ನೇ ಓದಿದವಳು. ಓದಿದ್ದು ಮರೆತಿರಲಿಲ್ಲ, ಬೆರಳಿಗೆ ಮಾತ್ರ ದಾರಿ ಗೊತ್ತಿರಲಿಲ್ಲ.

ನಮ್ಮ ಮನೆಯಲ್ಲಿ ನನ್ನ ಅರಿಶಿನಕ್ಕೆ ಪ್ರವೇಶವಿಲ್ಲದ ಜಾಗ ಒಂದೇ ಒಂದು, ನಮ್ಮವರ ಬೀರು. ಕುರಿಚಿಯ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿ ನಿವೃತ್ತರಾದ ನಮ್ಮವರು ಅಂಚೆಚೀಟಿ ಸಂಗ್ರಹಿಸುತ್ತಾರೆ ಅಂತ ನಾನು ಮೊದಮೊದಲು ಎಲ್ಲರಿಗೂ ಹೇಳುತ್ತಿದ್ದೆ. ಅವರು ಪ್ರತಿ ಸಲ ತಿದ್ದುತ್ತಿದ್ದರು. ಅವರಿಗೆ ಬೇಕಾದದ್ದು ಚೀಟಿಯಲ್ಲ, ಅದರ ಮೇಲೆ ಬಿದ್ದ ಮೊಹರು. ನಮ್ಮ ಕೊಯಮತ್ತೂರು, ತಿರುಪ್ಪೂರು ಸುತ್ತಿನ ಸಣ್ಣ ಸಣ್ಣ ಅಂಚೆ ಕಚೇರಿಗಳ ಹಳೆಯ ಮೊಹರು ಬಿದ್ದ ಲಕೋಟೆಗಳನ್ನು ನಲವತ್ತು ವರ್ಷದಿಂದ ಸೇರಿಸುತ್ತಿದ್ದಾರೆ. ಆ ಮೊಹರಿನಲ್ಲಿ ಊರಿನ ಹೆಸರು ಅರ್ಧ ಇರುತ್ತದೆ, ತಾರೀಖು ಕಾಲುಭಾಗ ಇರುತ್ತದೆ, ಉಳಿದದ್ದು ಮಸಿ. ಅದನ್ನು ಭೂತಗನ್ನಡಿಯಲ್ಲಿ ನೋಡುವಾಗ ಅವರ ಮುಖದಲ್ಲಿ ಬರುವ ಪ್ರೀತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ, ಬೇರೆಲ್ಲೂ ಅಂದರೆ ನನ್ನನ್ನೂ ಸೇರಿಸಿ ಹೇಳುತ್ತಿದ್ದೇನೆ. ಆ ಸಂಗ್ರಹದ ರಾಜ ಒಂದು ಆನೈಮಲೈ ಲಕೋಟೆ. ನೂರು ವರ್ಷ ದಾಟಿದ್ದು, ಆನೈಮಲೈಯಿಂದ ಪಲ್ಲಡಂನ ಒಬ್ಬ ಹತ್ತಿ ವ್ಯಾಪಾರಿಗೆ ಹೋದದ್ದು. ಹೊರಟ ಊರಿನ ಮೊಹರು, ತಲುಪಿದ ಊರಿನ ಮೊಹರು ಎರಡೂ ಒಂದೇ ಮುಖದ ಮೇಲೆ ಇವೆ. ಅದು ಹೇಗೋ ವಾಪಸು ಆನೈಮಲೈಯ ಒಬ್ಬ ತೆಂಗಿನ ತೋಟದವರ ಮನೆ ಸೇರಿತ್ತು. ಅವರು ಮನಸ್ಸು ಮಾಡಿ ಕೊಡಲು ಹನ್ನೊಂದು ವರ್ಷ ಹಿಡಿಯಿತು. ನನ್ನನ್ನು ಹೆಣ್ಣು ನೋಡಲು ಬಂದವರು ಒಪ್ಪಿಗೆ ಹೇಳಿ ಎದ್ದು ಹೋಗಲು ಹಿಡಿದದ್ದು ಅರ್ಧ ಗಂಟೆ.

ಈ ಹವ್ಯಾಸವನ್ನು ನಾನು ಆಡಿಕೊಳ್ಳುತ್ತೇನೆ, ನಿಜ. ಆದರೆ ಅದು ನಿಂತುಹೋಗುವುದು ನನಗೆ ಬೇಡವೇ ಬೇಡ. ಕಾರಣ ಇದೆ. ನಿವೃತ್ತಿಯಾದ ಹೊಸದರಲ್ಲಿ ಅವರು ಮೂರು ತಿಂಗಳು ಬೀರು ತೆಗೆಯದೆ ನನ್ನ ಅಡುಗೆಮನೆಗೆ ಬಂದುಬಿಟ್ಟಿದ್ದರು. ಕಾರ್ಖಾನೆಯಲ್ಲಿ ಸ್ಪ್ಯಾನರ್ ತೂಗುಹಾಕುವ ಹಲಗೆಯ ಮೇಲೆ ಪ್ರತಿ ಸ್ಪ್ಯಾನರಿನ ಆಕಾರ ಬರೆದಿರುತ್ತಾರಂತೆ, ಯಾವುದು ವಾಪಸು ಬಂದಿಲ್ಲ ಅಂತ ನೋಡಿದ ಕೂಡಲೇ ಗೊತ್ತಾಗಲಿ ಅಂತ. ನಮ್ಮವರು ಅಡುಗೆಮನೆ ಗೋಡೆಗೆ ಅಂಥದ್ದೇ ಹಲಗೆ ಹೊಡೆದು ಸೌಟು, ಜಾಲರಿ, ಲಟ್ಟಣಿಗೆ, ಇಕ್ಕಳ ಎಲ್ಲದರ ಆಕಾರ ಬರೆದರು. ದಿನಾ ಸಂಜೆ ಆರು ಗಂಟೆಗೆ ಬಂದು ನಿಂತು, "ಸರೋಜಾ, ಮೂರನೇ ನಂಬರ್ ಕರಂಡಿ ಎಲ್ಲಿ" ಅಂತ ಕೇಳುತ್ತಿದ್ದರು. ಕರಂಡಿ ಅಂದರೆ ಸೌಟು. ಅದು ಸಾರಿನಲ್ಲಿರುತ್ತಿತ್ತು. ಸಾರಿನಲ್ಲಿರುವ ಸೌಟಿಗೆ ನಾನು ಲಿಖಿತ ಉತ್ತರ ಕೊಡಬೇಕೋ ಏನೋ ಅನ್ನುವ ಹಂತ ತಲುಪಿದಾಗ, ಯಾರೋ ಪುಣ್ಯಾತ್ಮರು ಪಲ್ಲಡಂ ಕಡೆಯ ಒಂದು ಕಟ್ಟು ಹಳೆಯ ಕಾಗದ ತಂದುಕೊಟ್ಟರು. ನಮ್ಮವರು ಮತ್ತೆ ಬೀರುವಿನ ಕಡೆಗೆ ಹೋದರು. ನಾನು ಆ ಹಲಗೆಯನ್ನು ಒಲೆಗೆ ಹಾಕಿದೆ.

ಇನ್ನು ಅವರ ಸಂಘದ ವಿಷಯ. ಐವತ್ತು ಅರವತ್ತು ಜನ ಇದ್ದಾರೆ, ಹೆಚ್ಚಿನವರಿಗೆ ತಲೆ ಬೆಳ್ಳಗಾಗಿದೆ, ಎಲ್ಲರ ಜೇಬಿನಲ್ಲೂ ಒಂದು ಚಿಮಟ ಇರುತ್ತದೆ. ವರ್ಷಕ್ಕೊಮ್ಮೆ ಒಂದು ಕಲ್ಯಾಣಮಂಟಪ ಹಿಡಿದು ಸೇರುತ್ತಾರೆ. ಮದುಮಕ್ಕಳು ಕೂರುವ ವೇದಿಕೆಯಲ್ಲಿ ತೀರ್ಪುಗಾರರು ಕೂರುತ್ತಾರೆ, ಉಳಿದ ಜಾಗದಲ್ಲೆಲ್ಲ ಗಾಜಿನ ಚೌಕಟ್ಟುಗಳು. ಒಂದು ಚೌಕಟ್ಟಿಗೆ ಹದಿನಾರು ಹಾಳೆ. ಹಾಳೆಯ ಮೇಲೆ ಲಕೋಟೆ, ಅದರ ಕೆಳಗೆ ಅದೇನು, ಯಾವ ಊರಿನದು, ಯಾಕೆ ಅಪರೂಪ ಅಂತ ಬರೆದಿರಬೇಕು. ಕಡೆಗೆ ಚಿನ್ನ, ಬೆಳ್ಳಿ, ಕಂಚು ಕೊಡುತ್ತಾರೆ. ನಮ್ಮವರಿಗೆ ಪ್ರತಿ ವರ್ಷ ಕಂಚು. ಬೇರೆಯವರು ಬಣ್ಣಬಣ್ಣದ ಹಕ್ಕಿ, ಚಿಟ್ಟೆ, ರಾಕೆಟ್ಟಿನ ಚೀಟಿ ಜೋಡಿಸಿ ತರುವ ಜಾಗದಲ್ಲಿ ಇವರ ಮಸಿಯ ಕಡೆಗೆ ಯಾರು ನೋಡುತ್ತಾರೆ. ಈ ಸಲ ಚೌಕಟ್ಟಿಗೆ ಹೆಸರು ಕೊಟ್ಟು ಬಂದ ದಿನ ಊಟಕ್ಕೆ ಕೂತು ಹೇಳಿದರು. "ಎಪ್ಪತ್ತಾರು ಆಯ್ತು ಸರೋಜಾ. ಈ ವಾಟಿನೂ ಕಂಚೇ ಅಂದ್ರೆ ಪೋದುಂ. ಎಲ್ಲಾ ಕಟ್ಟಿ ಪರಣ್ ಮೇಲೆ ಹಾಕ್ಬಿಡ್ತೀನಿ." ಈ ವಾಟಿ ಅಂದರೆ ಈ ಸಲ, ಪೋದುಂ ಅಂದರೆ ಸಾಕು, ಪರಣ್ ಅಂದರೆ ನಮ್ಮ ಮನೆಯ ಅಟ್ಟ. ಅದರ ಮೇಲೆ ಹೋದದ್ದು ಯಾವುದೂ ಆವತ್ತಿನವರೆಗೆ ಕೆಳಗೆ ಬಂದಿರಲಿಲ್ಲ.

"ಹಾಕ್ಬಿಟ್ಟು ಏನ್ ಮಾಡ್ತೀರುಂಗ" ಅಂತ ಕೇಳಿದೆ.

"ಏನಾ? ಮನೇಲೇ ಇರ್ತೀನಿ. ನಿನಗೆ ಸಮಯಲ್‌ಗೆ ಒದವಿ ಮಾಡ್ತೀನಿ."

ಅಡುಗೆಗೆ ಸಹಾಯ ಮಾಡುತ್ತೇನೆ ಅನ್ನುವ ಆ ಮಾತು ಕೇಳಿ ನನ್ನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಅವರ ಮುಖ ನೋಡಿದರೆ ತಮಾಷೆಗೆ ಹೇಳಿದ ಹಾಗೆ ಇರಲಿಲ್ಲ. ನಲವತ್ತು ವರ್ಷದ ಕೆಲಸವನ್ನು ಕಟ್ಟಿಡುತ್ತೇನೆ ಅನ್ನುವಾಗ ಒಬ್ಬ ಮನುಷ್ಯ ತಟ್ಟೆಯಲ್ಲಿರುವ ಅನ್ನವನ್ನು ಸುಮ್ಮನೆ ಆ ಕಡೆ ಈ ಕಡೆ ತಳ್ಳುತ್ತಿದ್ದರೆ, ಅದನ್ನು ನೋಡುವುದು ಕಷ್ಟ.

ಬೀರುವಿನ ವಸ್ತುಗಳಲ್ಲಿ ನನಗೂ ಒಂದು ಕೆಲಸ ಇದೆ. ಲಕೋಟೆಯನ್ನು ಹಾಳೆಗೆ ಅಂಟಿಸುವ ಹಾಗಿಲ್ಲ. ಸಣ್ಣ ತ್ರಿಕೋನಾಕಾರದ ಕಾಗದದ ಜೇಬು ಮಾಡಿ, ಆ ಜೇಬನ್ನು ಹಾಳೆಗೆ ಅಂಟಿಸಿ, ಅದರೊಳಗೆ ಲಕೋಟೆಯ ನಾಲ್ಕು ಮೂಲೆ ತೂರಿಸಬೇಕು. ನಮ್ಮವರ ಬೆರಳು ನಡುಗಲು ಶುರುವಾದ ಮೇಲೆ ಆ ಕೆಲಸ ನನ್ನದು. ವಾರ್ಷಿಕ ಸಭೆಯ ಹಿಂದಿನ ದಿನ ಶುಕ್ರವಾರ. ಬೆಳಿಗ್ಗೆ ಪೂಜೆ ಮುಗಿಸಿ ಬಂದೆ. ಅವರು ಸ್ನಾನಕ್ಕೆ ಹೋಗಿದ್ದರು. ಊಟದ ಮೇಜಿನ ಮೇಲೆ ಹದಿನಾರು ಹಾಳೆ ಸಾಲಾಗಿದ್ದವು. ಹದಿನಾರನೆಯ ಹಾಳೆಯ ಮೇಲೆ ಆನೈಮಲೈ ಲಕೋಟೆ ಜೇಬಿಲ್ಲದೆ ನನಗಾಗಿ ಕಾಯುತ್ತಿತ್ತು. ನನ್ನ ಬೆರಳಲ್ಲಿ ಪೂಜೆಯ ಒದ್ದೆ ಅರಿಶಿನ ಇನ್ನೂ ಇತ್ತು. ಮನಸ್ಸಿನಲ್ಲಿ ಇದ್ದದ್ದು ಒಂದೇ, ದೇವರೇ, ಈ ಸಲ ಕಂಚು ಬೇಡ. ಆಮೇಲೆ ನಡೆದದ್ದರಲ್ಲಿ ನನ್ನ ತಲೆಯ ಪಾತ್ರ ಇಲ್ಲ. ಒಂದು, ಎರಡು, ಮೂರು, ನಾಲ್ಕು. ನಾಲ್ಕನೆಯ ಬೊಟ್ಟು ಬಿದ್ದ ಮೇಲೆ ಕಣ್ಣು ಕೈಯನ್ನು ಕೇಳಿತು, ಏನು ಮಾಡಿದೆ ಅಂತ.

ಸೆರಗಿನ ತುದಿಯಿಂದ ಒಂದು ಮೂಲೆಯನ್ನು ಒರೆಸಿದೆ. ಅದು ಕಡಲೆಕಾಳಿನಷ್ಟಿದ್ದದ್ದು ಹುಣಸೆಬೀಜದಷ್ಟಾಯಿತು. ಬಚ್ಚಲಲ್ಲಿ ಚೊಂಬಿನ ಸದ್ದು ನಿಂತಿತು. ನನಗೆ ಆಗ ಹೊಳೆದದ್ದು ಕತ್ತರಿ. ಎಂದಿನ ಜೇಬಿಗಿಂತ ಒಂದೂವರೆ ಪಟ್ಟು ದೊಡ್ಡದಾಗಿ ನಾಲ್ಕು ತ್ರಿಕೋನ ಕತ್ತರಿಸಿ, ಮಡಿಸಿ, ಅಂಟಿಸಿ, ಲಕೋಟೆ ತೂರಿಸಿದೆ. ಹಳದಿ ಪೂರ್ತಿ ಮುಚ್ಚಿಹೋಯಿತು. ನಮ್ಮವರು ತಲೆ ಒರೆಸಿಕೊಳ್ಳುತ್ತ ಬಂದು, ಒಮ್ಮೆ ಕಣ್ಣಾಡಿಸಿ, ಹಾಳೆಗಳನ್ನು ಫೈಲಿನಲ್ಲಿ ಇಟ್ಟರು. ಜೇಬು ದೊಡ್ಡದಾದದ್ದು ಅವರಿಗೆ ಕಾಣಲಿಲ್ಲ. ವರ್ಷಗಟ್ಟಲೆ ನೋಡಿದ ಮುಖವನ್ನು ಯಾರೂ ಮತ್ತೆ ನೋಡುವುದಿಲ್ಲ, ಆ ವಿಷಯದಲ್ಲಿ ನನಗೆ ಸ್ವಂತ ಅನುಭವ ಇದೆ.

ಶನಿವಾರ ಬೆಳಿಗ್ಗೆ ರೇವತಿ ಕಾರಿನಲ್ಲಿ ನಮ್ಮಿಬ್ಬರನ್ನೂ ಮಂಟಪಕ್ಕೆ ಕರೆದುಕೊಂಡು ಹೋದಳು. ಬಾಗಿಲಲ್ಲಿ ಸಂಘದ ಅಧ್ಯಕ್ಷರಾದ ಹಲ್ಲಿನ ಡಾಕ್ಟರು ಗುಲಾಬಿ ನೀರು ಚಿಮುಕಿಸುತ್ತಿದ್ದರು. ಆ ನೀರು ಜೇಬಿನ ಕಾಗದದ ಮೇಲೆ ಬಿದ್ದರೆ ಹಳದಿ ಹೊರಗೆ ಬರುತ್ತದೆ ಅಂತ ನಾನು ಫೈಲಿನ ಮುಂದೆ ಅಡ್ಡ ನಿಂತು ಪೂರ್ತಿ ನನ್ನ ಮೇಲೇ ಹಾಕಿಸಿಕೊಂಡೆ. ಈ ಸಲದ ತೀರ್ಪುಗಾರರು ಚೆನ್ನೈಯವರು, ವರದರಾಜನ್ ಅಂತ. ಹಕ್ಕಿ ಚಿಟ್ಟೆಗಳ ಮುಂದೆ ಅವರು ನಿಲ್ಲಲೇ ಇಲ್ಲ. ಮಸಿ ಇದ್ದಲ್ಲೆಲ್ಲ ನಿಂತರು. ನಮ್ಮವರ ಕುತ್ತಿಗೆ ನೆಟ್ಟಗಾಯಿತು. ನನ್ನ ಕುತ್ತಿಗೆಯಲ್ಲಿ ಬೆವರು ಇಳಿಯಿತು.

"ಅತ್ತೆ, ಮುಖ ಯಾಕೆ ಹಿಂಗ್ ಮಾಡ್ಕೊಂಡಿದೀರ? ಮಯಕ್ಕಂ ಬರ್ತಾ ಇದ್ಯಾ?" ಅಂದಳು ರೇವತಿ. ತಲೆ ಸುತ್ತುತ್ತಿದೆಯಾ ಅಂತ ಕೇಳಿದ್ದು. ಅವಳ ಕಿವಿಗೆ ಬಾಯಿಟ್ಟು ನಡೆದದ್ದೆಲ್ಲ ಹೇಳಿದೆ. ನಮ್ಮಲ್ಲಿ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು. ಹೊರಗೆ ಗುಟ್ಟು ಹೇಳಬೇಕಾದರೆ ಕನ್ನಡ ಬಹಳ ಅನುಕೂಲ. ಅವಳು ಅರ್ಧ ನಗು ಅರ್ಧ ಭಯದಲ್ಲಿ ದುಪಟ್ಟಾ ಬಾಯಿಗೆ ಒತ್ತಿಕೊಂಡಳು.

"ಮಾವಂಗೆ ಗೊತ್ತಾ?"

"ಗೊತ್ತಿದ್ರೆ ನಾನು ಇಲ್ಲಿ ನಿಂತಿರ್ತಿದ್ನಾ?"

"ಹಂಗಾದ್ರೆ ಸುಮ್ಮೆ ಇರಿ. ಜೇಬೊಳಗೆ ಯಾರು ನೋಡ್ತಾರೆ."

ಚೆನ್ನೈಯವರು ನಮ್ಮ ಚೌಕಟ್ಟಿನ ಮುಂದೆ ಬಂದು ನಿಂತು ಒಂದೊಂದೇ ಹಾಳೆ ಓದಿದರು. ಹದಿನಾರನೆಯದರ ಮುಂದೆ ಬಗ್ಗಿದವರು ಏಳಲೇ ಇಲ್ಲ. ಭೂತಗನ್ನಡಿ ತೆಗೆದರು. ಆಮೇಲೆ ತಮಿಳಿನಲ್ಲಿ ಕೇಳಿದರು. ಅಲ್ಲಿ ನಡೆದದ್ದೆಲ್ಲ ತಮಿಳಿನಲ್ಲೇ, ನಾನು ಇಲ್ಲಿ ನಮ್ಮ ಮಾತಿನಲ್ಲಿ ಒತ್ತುತ್ತಿದ್ದೇನೆ. "ಸಾರ್, ಪಲ್ಲಡಂ ತಲುಪಿದ ಮೊಹರು ಕೆಳಗಿನ ಮೂಲೆಯಲ್ಲಿ ಇದೆ ಅಂತ ಬರೆದಿದ್ದೀರಿ. ನಿಮ್ಮ ಜೇಬು ಅದನ್ನು ಅರ್ಧ ನುಂಗಿಬಿಟ್ಟಿದೆಯಲ್ಲ. ಸ್ವಲ್ಪ ತೆಗೆದು ತೋರಿಸ್ತೀರಾ?"

ನಾನು ರೇವತಿಯ ಕೈ ಹಿಡಿದುಕೊಂಡೆ. ಮುಚ್ಚುವುದಕ್ಕೆ ಅಂತ ದೊಡ್ಡದು ಮಾಡಿದ ಜೇಬೇ ನನ್ನನ್ನು ಹಿಡಿದುಕೊಟ್ಟಿತ್ತು. ಡಾಕ್ಟರು ಬೀಗದ ಕೈ ತಂದರು. ಗಾಜು ಸರಿಯಿತು. ನಮ್ಮವರ ಕೈ ನಡುಗುತ್ತಿದ್ದರಿಂದ ಚೆನ್ನೈಯವರೇ ಚಿಮಟದಲ್ಲಿ ಲಕೋಟೆಯನ್ನು ಹೊರಗೆ ಎಳೆದರು. ನಾಲ್ಕು ಮೂಲೆ, ನಾಲ್ಕು ಹಳದಿ ಬೊಟ್ಟು. ಸುತ್ತ ಹತ್ತು ತಲೆ ಸೇರಿದವು. ನಮ್ಮವರೂ ಬಗ್ಗಿ ನೋಡಿದರು.

ಮೊದಲು ಮಾತಾಡಿದ್ದು ಚೆನ್ನೈಯವರು. ಅವರ ದನಿಯೇ ಬದಲಾಗಿತ್ತು. "ಮಂಜಳ್. ಶುಭಕಾರ್ಯದ ಕಾಗದ ಸಾರ್ ಇದು. ಮೂಲೆಗೆ ಅರಿಶಿನ ಹಚ್ಚಿ ಅಂಚೆಗೆ ಹಾಕಿದ್ದಾರೆ. ಇಷ್ಟು ಹಳೆಯದು, ನಾಲ್ಕು ಮೂಲೆಯೂ ಉಳಿದದ್ದು ನಾನು ಇವತ್ತೇ ನೋಡ್ತಾ ಇರೋದು. ನೀವು ಇದನ್ನು ಮುಚ್ಚಿಟ್ಟಿದ್ದೀರಿ, ಇದರ ಬಗ್ಗೆ ಒಂದು ಸಾಲೂ ಬರೆದಿಲ್ಲ."

"ನನಗೆ... ನಾನು ಇದನ್ನು ಗಮನಿಸಿಲ್ಲ ಸಾರ್" ಅಂದರು ನಮ್ಮವರು.

"ನಿಮ್ಮ ಕೈಗೆ ಬಂದಾಗಲೇ ಇತ್ತಾ?"

"ಇದ್ದಿರಬೇಕು. ನಾನು ಮೊಹರನ್ನೇ ನೋಡ್ತಾ ಇದ್ದೆ. ಮೂಲೆ ನೋಡಲಿಲ್ಲ." ಹೇಳುತ್ತ ಹೇಳುತ್ತ ಅವರ ಮುಖ ಬೆಳಗಿತು. ಚೆನ್ನೈಯವರು ಡಾಕ್ಟರ ಕಡೆ ತಿರುಗಿ, ಇದಕ್ಕೆ ಬೆಳ್ಳಿಯೂ ಸಾಲದು ಅಂದರು. ನಮ್ಮವರ ಕಡೆ ತಿರುಗಿ, "ಹಾಳೆಯ ಕೆಳಗೆ ನಿಮ್ಮ ಕೈಯಲ್ಲೇ ಒಂದು ಸಾಲು ಬರೆದು ಸಹಿ ಹಾಕಿ ಸಾರ್, ಶುಭಪತ್ರ, ಮೂಲ ಅರಿಶಿನದ ಗುರುತು ಇದೆ ಅಂತ. ಮಿಕ್ಕಿದ್ದು ನಾನು ನೋಡ್ಕೊತೀನಿ" ಅಂದರು.

ರೇವತಿ ನನ್ನ ಕೈಯನ್ನು ಹಿಂಡಿದಳು. ಸುಮ್ಮನಿರಿ ಅಂತ ಅರ್ಥ. ಸುಮ್ಮನಿದ್ದರೆ ಏನೇನು ಸಿಗುತ್ತದೆ ಅಂತ ನನ್ನ ತಲೆ ಆಗಲೇ ಪಟ್ಟಿ ಮಾಡಿಯಾಗಿತ್ತು. ಅವರಿಗೆ ಚಿನ್ನ, ನನಗೆ ಅಡುಗೆಮನೆ. ಬೀರು ಅಟ್ಟಕ್ಕೆ ಹೋಗುವುದಿಲ್ಲ. ನನ್ನ ಬೊಟ್ಟು ತಪ್ಪಾಗುವುದಿಲ್ಲ, ಇತಿಹಾಸ ಆಗುತ್ತದೆ. ದೇವರು ನನ್ನ ಬೇಡಿಕೆಯನ್ನು ಇಷ್ಟು ಅಕ್ಷರಶಃ ನಡೆಸಿಕೊಟ್ಟದ್ದು ಅದೇ ಮೊದಲು. ಆದರೆ ನಮ್ಮವರು ಜೇಬಿನಿಂದ ಪೆನ್ನು ತೆಗೆದು ಮುಚ್ಚಳ ಬಿಚ್ಚುತ್ತಿದ್ದರು. ಮುಚ್ಚಳ ಒಂದೇ ಸಲಕ್ಕೆ ಬರಲಿಲ್ಲ. ಈ ಮನುಷ್ಯ ಒಮ್ಮೆ ಒಂದು ಮೊಹರಿನ ತಾರೀಖನ್ನು ತಾನೇ ತಪ್ಪಾಗಿ ಓದಿದ್ದು ಗೊತ್ತಾದಾಗ, ಯಾರೂ ಕೇಳದೆ ಇದ್ದರೂ ಸಭೆಯ ಮಧ್ಯದಲ್ಲಿ ಎದ್ದು ನಿಂತು ಆ ಹಾಳೆಯನ್ನು ವಾಪಸು ತೆಗೆದುಕೊಂಡವರು. ತನಗೆ ಗೊತ್ತಿಲ್ಲದ್ದನ್ನು ಹಾಳೆಯ ಮೇಲೆ ಬರೆಯುವುದಿಲ್ಲ ಅನ್ನುವುದು ಅವರಿಗಿರುವ ಒಂದೇ ಒಂದು ಜಂಬ. ಪೆನ್ನು ಕಾಗದ ಮುಟ್ಟಿದರೆ, ನಾನು ಹಚ್ಚಿದ ಅರಿಶಿನಕ್ಕೆ ಅವರು ಸಹಿ ಹಾಕಿದ ಹಾಗೆ.

"ಏನುಂಗ, ಬರೀಬೇಡಿ" ಅಂದೆ. "ಅದು ನಾನು ಹಚ್ಚಿದ್ದು. ನಿನ್ನೆ ಬೆಳಿಗ್ಗೆ."

ಕನ್ನಡದಲ್ಲಿ ಹೇಳಿದ್ದೆ. ಅವರಿಗೂ ರೇವತಿಗೂ ಮಾತ್ರ ಅರ್ಥವಾಯಿತು. ಅವರು ಪೆನ್ನು ಹಿಡಿದು ಹಾಗೇ ನಿಂತರು. ಮತ್ತೆ ಎಲ್ಲರಿಗೂ ಕೇಳುವ ಹಾಗೆ ತಮಿಳಿನಲ್ಲಿ ಹೇಳಿದೆ. ಈಗ ನೋಡಿ ನಿಜವಾದ ಕಷ್ಟ ಶುರುವಾದದ್ದು. ಯಾರೂ ನಂಬಲಿಲ್ಲ. ಚೆನ್ನೈಯವರು ಬಹಳ ಮರ್ಯಾದೆಯಿಂದ, "ಅಮ್ಮಾ, ನೀವು ಗಾಬರಿಯಾಗಿದ್ದೀರಿ. ಯಜಮಾನರ ವಸ್ತುವಿನಲ್ಲಿ ಕಲೆ ಅಂತ ಭಯ. ಇದು ಕಲೆ ಅಲ್ಲ. ಮೂವತ್ತು ವರ್ಷದಿಂದ ನಾನು ಇದೇ ಕೆಲಸದಲ್ಲಿದ್ದೇನೆ, ಹಳೆಯದು ಯಾವುದು ಹೊಸದು ಯಾವುದು ನನಗೆ ಗೊತ್ತಾಗುತ್ತೆ" ಅಂದರು. ಡಾಕ್ಟರು ಒಂದು ಕುರ್ಚಿ ತರಿಸಿ, ಅಕ್ಕನವರಿಗೆ ಮೋರು ಕೊಡಿ ಅಂದರು. ನನ್ನ ಜೀವನದಲ್ಲಿ ಮಾಡದ ತಪ್ಪುಗಳನ್ನು ನನ್ನ ತಲೆಗೆ ಕಟ್ಟಿದವರು ಬೇಕಾದಷ್ಟು ಇದ್ದಾರೆ. ಮಾಡಿದ ತಪ್ಪನ್ನು ಒಪ್ಪಿಕೊಂಡಾಗ ಮಜ್ಜಿಗೆ ಕೊಟ್ಟು ಕೂರಿಸಿದ್ದು ಅದೇ ಮೊದಲು.

ನನಗೆ ರೇಗಿತು. "ಅಯ್ಯಾ, ನಿಮಗೆ ಮೂವತ್ತು ವರ್ಷ ಮೊಹರು ಗೊತ್ತು. ನನಗೆ ಅರವತ್ತು ವರ್ಷ ಅರಿಶಿನ ಗೊತ್ತು" ಅಂದೆ. "ಅರಿಶಿನದ ಸೀರೆ ಬಿಸಿಲಲ್ಲಿ ಒಣಗಿಸಿದರೆ ನಾಲ್ಕು ದಿನಕ್ಕೆ ಬೆಳ್ಳಗಾಗುತ್ತೆ. ನೂರು ವರ್ಷದ ಅರಿಶಿನ ಹೀಗೆ ಚೆಂಡುಹೂವಿನ ಹಾಗೆ ಇರುತ್ತಾ? ಇರಲಿ, ಮೂಸಿ ನೋಡಿ."

ಚೆನ್ನೈಯವರು ನನ್ನನ್ನು ನೋಡಿದರು, ಲಕೋಟೆಯನ್ನು ನೋಡಿದರು, ಮೂಲೆಯನ್ನು ನಿಧಾನವಾಗಿ ಮೂಗಿನ ಹತ್ತಿರ ತಂದರು. ನಾನು ನನ್ನ ಬಲಗೈ ಉಗುರನ್ನು ಮುಂದೆ ಚಾಚಿದೆ, ಅದರ ಸಂದಿಯಲ್ಲಿ ಇನ್ನೂ ಹಳದಿ ಇತ್ತು. ಅವರು ಭೂತಗನ್ನಡಿ ಮಡಿಸಿ ಜೇಬಿಗೆ ಹಾಕಿಕೊಂಡರು. ಮದುವೆಯಾಗಿ ಐವತ್ತು ವರ್ಷದಲ್ಲಿ ನಾಲ್ಕು ಜನರ ಮುಂದೆ ನಾನು ಗೆದ್ದ ವಾದ ಅದೊಂದೇ. ಗೆದ್ದದ್ದು ಗಂಡನ ಪದಕದ ವಿರುದ್ಧ.

ಸಂಜೆ ಕಂಚು ಕೊಟ್ಟರು. ನಮ್ಮವರು ವೇದಿಕೆಗೆ ಹೋಗಿ, ಕೈ ಮುಗಿದು ತಂದರು. ಕಾರಿನಲ್ಲಿ ಮಾತಿಲ್ಲ. ರೇವತಿ ಒಮ್ಮೆ, "ಮಾವಾ, ಎಸಿ ಜಾಸ್ತಿ ಆಯ್ತಾ" ಅಂತ ಕೇಳಿದಳು, ಅವರು ಕಿಟಕಿಯ ಗಾಜು ಇಳಿಸಿದರು. ಭಾನುವಾರವೂ ಮಾತಿಲ್ಲ. ನಾನು ಬೇಕಂತಲೇ ಸಾರಿಗೆ ಉಪ್ಪು ಹಾಕದೆ ಬಡಿಸಿದೆ, ಅದನ್ನಾದರೂ ಬೈಯಲಿ ಅಂತ. ಸುಮ್ಮನೆ ಉಂಡು ಎದ್ದರು. ಸೋಮವಾರ ಬೆಳಿಗ್ಗೆ ಅವರು ಹಿತ್ತಲಿಂದ ಏಣಿ ತಂದು ನಡುಮನೆಯ ಅಟ್ಟದ ಕೆಳಗೆ ನಿಲ್ಲಿಸಿದರು. ಬೀರು ತೆರೆದಿತ್ತು.

"ಏನುಂಗ, ನಾನು ಮಾಡಿದ್ದು ತಪ್ಪು. ಅದಕ್ಕೆ ಅದನ್ನೆಲ್ಲಾ ಮೇಲೆ ಹಾಕ್ಬೇಡಿ" ಅಂದೆ.

ಅವರು ಎರಡು ಮೆಟ್ಟಿಲು ಹತ್ತಿ ಅಟ್ಟದಲ್ಲಿ ಕೈ ಆಡಿಸಿ, ಹಳೆಯ ಎಕ್ಸ್-ರೇ ಫಿಲ್ಮಿನ ಕಪ್ಪು ಕವರನ್ನು ಎಳೆದುಕೊಂಡು ಇಳಿದರು. ಅಟ್ಟದಿಂದ ಒಂದು ವಸ್ತು ಕೆಳಗೆ ಬಂದದ್ದನ್ನು ನಾನು ಆವತ್ತು ಕಂಡೆ.

"ಬಿಸಿಲಿಗೆ ಹೋಗುತ್ತೆ ಅಂತ ಅಷ್ಟ್ ಜನದ ಮುಂದೆ ಹೇಳ್ದೆ ಅಲ್ವಾ" ಅಂದರು. "ಮೊಟ್ಟೆ ಮಾಡಿಗೆ ಬಾ. ನಿಜಾನಾ ನೋಡೋಣ."

ಮೊಟ್ಟೆ ಮಾಡಿ ಅಂದರೆ ಮೇಲಿನ ತಾರಸಿ. ಅಲ್ಲಿ ಒಂದು ಮಣೆಯ ಮೇಲೆ ಲಕೋಟೆ ಇಟ್ಟು, ಆ ಕಪ್ಪು ಕವರಿನ ಕಾಗದದಲ್ಲಿ ಪೂರ್ತಿ ಮುಚ್ಚಿ, ಒಂದು ಮೂಲೆಗೆ ಮಾತ್ರ ಕಿಟಕಿ ಕತ್ತರಿಸಿದರು. ಚೀಟಿಗೂ ಮೊಹರಿಗೂ ಬಿಸಿಲು ತಾಗುವ ಹಾಗಿಲ್ಲ, ಬಣ್ಣ ಹೋಗುತ್ತದೆ. ಹೆಚ್ಚು ಹೊತ್ತು ಇಟ್ಟರೆ ಕಾಗದವೂ ಸುಡುತ್ತದೆ. ಹಾಗಾಗಿ ಒಂದು ಮೂಲೆಗೆ ದಿನಕ್ಕೆ ಹತ್ತೇ ನಿಮಿಷ, ನಾಲ್ಕು ಮೂಲೆಗೆ ನಲವತ್ತು ನಿಮಿಷ. ಅಷ್ಟು ಹೊತ್ತೂ ಗಾಳಿ, ಕಾಗೆ, ಅಳಿಲು ಬರದ ಹಾಗೆ ಪಕ್ಕದಲ್ಲಿ ಒಬ್ಬರು ಕೂರಬೇಕು. ಆ ಒಬ್ಬರು ಯಾರು ಅಂತ ಅವರು ಹೇಳಲಿಲ್ಲ, ಮಣೆಯ ಪಕ್ಕ ಇನ್ನೊಂದು ಮಣೆ ಹಾಕಿ ಕೆಳಗೆ ಇಳಿದು ಹೋದರು. ಮುಂದಿನ ವರ್ಷದ ಚೌಕಟ್ಟಿಗೆ ಹಾಳೆ ಕತ್ತರಿಸುವ ಸದ್ದು ಕೆಳಗಿನಿಂದ ಕೇಳುತ್ತಿತ್ತು. ಆ ಸದ್ದಿಗೆ ನಾನು ಬಿಸಿಲಲ್ಲೇ ಸ್ವಲ್ಪ ಹೊತ್ತು ಕಣ್ಣು ಮುಚ್ಚಿದೆ.

ಇವತ್ತಿಗೆ ಹದಿನೇಳು ದಿನ. ನಾನು ಇದನ್ನು ಒತ್ತಿದ್ದು ಅಲ್ಲೇ ಕೂತು, ತಲೆಗೆ ಟವೆಲ್ ಸುತ್ತಿಕೊಂಡು. ದಿನಾ ಹನ್ನೊಂದಕ್ಕೆ ನಮ್ಮವರು ಭೂತಗನ್ನಡಿ ಹಿಡಿದು ಬಂದು ನೋಡುತ್ತಾರೆ. ಒಂದು ಮೂಲೆ ಹೋಗಿದೆ. ಮೂರು ಇನ್ನೂ ಇವೆ, ಅದರಲ್ಲೂ ನಾನು ಸೆರಗಿನಲ್ಲಿ ಒರೆಸಿದ್ದು ಇದ್ದ ಹಾಗೇ ಇದೆ. ನಮ್ಮ ಮನೆಯ ಅರಿಶಿನ ಈರೋಡಿನಿಂದ ಕೊಂಬು ತರಿಸಿ, ಒಣಗಿಸಿ, ಮಿಲ್ಲಿನಲ್ಲಿ ನಿಂತು ಪುಡಿ ಮಾಡಿಸಿದ್ದು. ಅಂಗಡಿ ಪುಡಿ ತರುವ ಪಕ್ಕದ ಮನೆಯವರನ್ನು ನಾನು ಎಷ್ಟು ವರ್ಷ ಆಡಿಕೊಂಡಿದ್ದೇನೋ ಲೆಕ್ಕವಿಲ್ಲ. "ಆ ಪುಡಿ ಆಗಿದ್ರೆ ಎರಡೇ ದಿನಕ್ಕೆ ಹೋಗ್ತಿತ್ತು ಅತ್ತೆ" ಅಂತ ರೇವತಿ ಕೊಡೆ ತಂದುಕೊಡುವ ನೆಪದಲ್ಲಿ ಬಂದು ಹೇಳಿ ಹೋದಳು.

ಇವತ್ತು ಅವಳು ಸಾಮಾನು ತರಲು ಹೊರಟಾಗ, ಅರಿಶಿನವನ್ನು ಈ ಸಲ ಅಂಗಡಿಯಲ್ಲೇ ತಂದುಬಿಡು ಅಂದೆ. ಅವಳು ನಿಂತು ನನ್ನ ಮುಖ ನೋಡಿದಳು. ಬಣ್ಣ ಬೇಗ ಬಿಡುವಂಥದ್ದು ನೋಡಿ ತಾ ಅಂದೆ.